ರಾಖ್ಮಾನಿನೋಫ್‌ನ 'ಸತ್ತವರ ದ್ವೀಪ': ಗುನುಗೋಕೆ ಸಿಗದ ಸಂಗೀತವನ್ನು ಕೇಳುವುದು ಹೇಗೆ?

ಪ್ರಶ್ನೆ: ಚಿಕ್ಕಂದಿನಲ್ಲಿ ಕೆಲವು ವರ್ಷ ವೀಣೆ ಕಲಿತಿದ್ದೆ. ಈಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ಹುಚ್ಚು ಹಿಡಿದಿದೆ. ರಷ್ಯನ್ ರಚನಕಾರ ರಾಖ್ಮಾನಿನೋಫ್‌ನ ಎರಡನೇ ಪಿಯಾನೊ ಕಾನ್ಸರ್ಟೊ (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ಅಂದ್ರೆ ಪ್ರಾಣ. ಅದೇ ಖುಷಿಯಲ್ಲಿ ಅವನ 'ಐಲ್ ಆಫ್ ದಿ ಡೆಡ್', ಅಂದರೆ 'ಸತ್ತವರ ದ್ವೀಪ' ಹಾಕಿದೆ. ಪೂರ್ತಿ ಕೇಳಿದರೂ ಗುನುಗೋಕೆ ಒಂದು ಸಾಲು ಸಿಗಲಿಲ್ಲ. ಮೊದಲ ಕೆಲವು ನಿಮಿಷ ಏನೂ ಕೇಳಿಸಲೇ ಇಲ್ಲ ಅನ್ನಬಹುದು. ಇದನ್ನು ಹೇಗೆ ಕೇಳಬೇಕು? ಇದನ್ನು ಬರೆಯುವಾಗ ಅವನು ಖಿನ್ನತೆಯಲ್ಲಿದ್ದನಂತೆ, ಹೌದಾ? ಯಾವ ರೆಕಾರ್ಡಿಂಗ್ ಒಳ್ಳೆಯದು? ಇನ್ನೊಂದು ವಿಷಯ. ನಮ್ಮ ಮೈಸೂರು ಮಹಾರಾಜರಿಗೂ ರಾಖ್ಮಾನಿನೋಫ್‌ಗೂ ಏನೋ ನಂಟಿತ್ತು ಅಂತ ಯಾರೋ ಹೇಳಿದರು. ಅದು ನಿಜವಾ?

ಉತ್ತರ: ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ಫೋನಿನ ಸ್ಪೀಕರ್‌ನಲ್ಲೇ ಕೇಳಿದಿರಾ? ಹಾಗಿದ್ದರೆ ತಪ್ಪು ನಿಮ್ಮದೂ ಅಲ್ಲ, ರಾಖ್ಮಾನಿನೋಫ್‌ನದೂ ಅಲ್ಲ. ವಾದ್ಯವೃಂದಕ್ಕೆ ಬರೆದ ಈ ಕೃತಿ ಶುರುವಾಗುವುದು ಟಿಂಪನಿ (ನಗಾರಿಯಂಥ ವಾದ್ಯ), ಹಾರ್ಪ್, ಚೆಲ್ಲೊ ಮತ್ತು ಡಬಲ್ ಬಾಸ್‌ಗಳಲ್ಲಿ. ಎಲ್ಲವೂ ಮಂದ್ರ ಸ್ಥಾಯಿ, ಎಲ್ಲವೂ ಮೆಲ್ಲಗೆ. ಪುಟ್ಟ ಸ್ಪೀಕರ್‌ಗೆ ಆ ತಗ್ಗು ನಾದವನ್ನು ಹೊರಗೆ ತರುವ ಶಕ್ತಿ ಇರುವುದಿಲ್ಲ. ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿ. ನಿಮ್ಮ ದೂರಿನಲ್ಲಿ ಅರ್ಧ ಅಲ್ಲೇ ಕರಗಬಹುದು.

ಉಳಿದ ಅರ್ಧಕ್ಕೆ ಕಾರಣ ಬೇರೆ. ಎರಡನೇ ಕಾನ್ಸರ್ಟೊ ಕೇಳಿದ ಕಿವಿ ರಾಗದ ಸಾಲನ್ನು ಹುಡುಕುತ್ತದೆ. ಉದ್ದುದ್ದ ಎಳೆದ, ಎದೆಗೆ ನಾಟುವ ಸಾಲು. ಅದು ಈ ಕೃತಿಯಲ್ಲೂ ಇದೆ, ಆದರೆ ಅರ್ಧ ದಾರಿ ದಾಟಿದ ಮೇಲೆ ಬರುತ್ತದೆ. ಅಲ್ಲಿಯ ತನಕ ನಿಮ್ಮನ್ನು ಕರೆದುಕೊಂಡು ಹೋಗುವುದು ರಾಗ ಅಲ್ಲ, ತಾಳ. ವೀಣೆ ಕಲಿತವರು ಅಂತ ಹೇಳಿದ್ದೀರಲ್ಲ, ನಿಮಗೆ ಇದು ಬೇರೆಯವರಿಗಿಂತ ಸುಲಭ.

ಎಣಿಸಿ ನೋಡಿ. ತಕ ತಕಿಟ, ತಕ ತಕಿಟ. ಎರಡು, ಮೂರು. ನಮ್ಮ ಖಂಡ ಚಾಪುವಿನ ಲೆಕ್ಕವೇ. ಪಶ್ಚಿಮದ ಬರಹದಲ್ಲಿ ಇದು ಐದು-ಎಂಟರ ತಾಳ. ಆದರೆ ಖಂಡ ಚಾಪು ಅಂದ ಕೂಡಲೇ ನಮಗೆ ನೆನಪಾಗುವುದು ಚುರುಕು, ಕುಣಿತ. ಇಲ್ಲಿ ಅದೇ ಐದನ್ನು ತುಂಬಾ ನಿಧಾನಕ್ಕೆ ಎಳೆದಿದ್ದಾನೆ. ಕೈಯಲ್ಲಿ ತಾಳ ಹಾಕಲು ಹೋದರೆ ಪೆಟ್ಟು ಎಲ್ಲಿ ಬೀಳಬೇಕು ಅನ್ನೋದೇ ಅನುಮಾನವಾಗುತ್ತದೆ. ಸಾಲದ್ದಕ್ಕೆ ಕೆಲವು ಕಡೆ ಎರಡು-ಮೂರು, ಕೆಲವು ಕಡೆ ಮೂರು-ಎರಡು. ಪಟ್ಟು ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತದೆ.

ಇದು ಸುಮ್ನೆ ಚಮತ್ಕಾರಕ್ಕೆ ಮಾಡಿದ್ದಲ್ಲ. ಕೃತಿಯಲ್ಲಿ ಒಂದು ದೋಣಿ ಇದೆ. ಯುರೋಪಿನಲ್ಲಿ ದೋಣಿಯ ಸಂಗೀತ ಅಂದರೆ ಆರರ ಲೆಕ್ಕ ರೂಢಿ. ಮೂರು ಆಚೆ, ಮೂರು ಈಚೆ, ಸಮವಾದ ತೂಗಾಟ. ವೆನಿಸ್ಸಿನ ದೋಣಿಗಾರರ ಹಾಡುಗಳ ಜಾಡು ಅದು. ಆರರಲ್ಲಿ ಕೂತ ದೋಣಿಯಲ್ಲಿ ನಿದ್ದೆ ಮಾಡಬಹುದು. ರಾಖ್ಮಾನಿನೋಫ್ ಅದರಿಂದ ಒಂದನ್ನು ಕಿತ್ತುಬಿಟ್ಟ. ಹುಟ್ಟು ನೀರಿಗೆ ಬೀಳುತ್ತದೆ, ಮೇಲೇಳುತ್ತದೆ, ಮುಂದಿನ ಸಲ ಒಂದು ಮಾತ್ರೆ ಬೇಗನೇ ಬೀಳುತ್ತದೆ. ಪಯಣ ನಿಲ್ಲುವುದಿಲ್ಲ, ಆದರೆ ಮೈಗೆ ಹಾಯೂ ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಕೃತಿಯ ಗಾಂಭೀರ್ಯ ಇರುವುದು ಈ ಕಳೆದುಹೋದ ಒಂದು ಮಾತ್ರೆಯಲ್ಲಿ. ಶೀರ್ಷಿಕೆ ಗೊತ್ತಿಲ್ಲದೆ ಕೇಳಿದರೂ ಏನೋ ಸರಿಯಿಲ್ಲ ಅಂತ ಅನ್ನಿಸುತ್ತದೆ.

ರಷ್ಯನ್ನರಿಗೆ ಐದರ ತಾಳ ಹೊಸದೇನಲ್ಲ. ಚೈಕೋವ್‌ಸ್ಕಿ 1893ರ ತನ್ನ ಕೊನೆಯ ಸಿಂಫನಿಯ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿಯ, ಎರಡನೇ ಭಾಗವನ್ನು ಐದರಲ್ಲೇ ಬರೆದಿದ್ದ. ರಾಖ್ಮಾನಿನೋಫ್‌ಗೆ ಚೈಕೋವ್‌ಸ್ಕಿ ಅಂದರೆ ದೇವರು. ಅದೇ ವರ್ಷ ಚೈಕೋವ್‌ಸ್ಕಿ ತೀರಿಕೊಂಡಾಗ 20 ವರ್ಷದ ಈ ಹುಡುಗ ಅವನ ನೆನಪಿಗೆ ಮೂರು ವಾದ್ಯಗಳ ಒಂದು ಶೋಕದ ಟ್ರಿಯೊ ಬರೆದ. ಆದರೆ ಚೈಕೋವ್‌ಸ್ಕಿಯ ಐದು ಸಲೀಸಾಗಿ ತೇಲುತ್ತದೆ, ಬಹುತೇಕ ಮೂರರ ತಾಳದ ವಾಲ್ಟ್ಸ್ ಕುಣಿತದ ಥರ. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ ನೋಡಿ, ಒಂದೇ ಲೆಕ್ಕ ಎಷ್ಟು ಬೇರೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಈಗ ಚಿತ್ರದ ವಿಷಯ. ಕೃತಿಗೆ ಹೆಸರು ಬಂದದ್ದು ಆರ್ನಾಲ್ಡ್ ಬ್ಯೋಕ್ಲಿನ್ ಎಂಬ ಸ್ವಿಸ್ ಕಲಾವಿದ ಬರೆದ ಚಿತ್ರದಿಂದ. ಕಪ್ಪು ನೀರು. ನಡುವೆ ಕಡಿದಾದ ಬಂಡೆಗಳ ಪುಟ್ಟ ದ್ವೀಪ. ಬಂಡೆಯಲ್ಲಿ ಕೊರೆದ ಗೋರಿಯ ಬಾಗಿಲುಗಳು, ಮಧ್ಯೆ ಎತ್ತರದ ಸೈಪ್ರೆಸ್ ಮರಗಳು. ಅತ್ತ ಸಾಗುವ ದೋಣಿಯಲ್ಲಿ ಒಬ್ಬ ಹುಟ್ಟು ಹಾಕುವವನು, ಬಿಳಿ ಬಟ್ಟೆ ಹೊದ್ದು ನಿಂತ ಒಂದು ಆಕೃತಿ, ಅದರ ಮುಂದೆ ಶವಪೆಟ್ಟಿಗೆ. 1880ರಿಂದ 1886ರ ಒಳಗೆ ಬ್ಯೋಕ್ಲಿನ್ ಇದನ್ನು ಐದು ಸಲ ಬರೆದ. ಗಂಡನನ್ನು ಕಳೆದುಕೊಂಡಿದ್ದ ಮರೀ ಬೆರ್ನಾ ಎಂಬಾಕೆ ಫ್ಲಾರೆನ್ಸಿನಲ್ಲಿದ್ದ ಅವನ ಸ್ಟುಡಿಯೋಗೆ ಬಂದು, ನೋಡುತ್ತಾ ಕನಸಿಗೆ ಜಾರುವಂಥ ಚಿತ್ರ ಬೇಕು ಅಂದಳು. ಆ ಬಿಳಿ ಆಕೃತಿ, ಶವಪೆಟ್ಟಿಗೆ ಎರಡೂ ಚಿತ್ರಕ್ಕೆ ಸೇರಿದ್ದು ಆಕೆಗಾಗಿ. 'ಸತ್ತವರ ದ್ವೀಪ' ಅನ್ನುವ ಹೆಸರೂ ಬ್ಯೋಕ್ಲಿನ್ ಇಟ್ಟದ್ದಲ್ಲ, ಫ್ರಿಟ್ಸ್ ಗುರ್ಲಿಟ್ ಎಂಬ ಚಿತ್ರ ವ್ಯಾಪಾರಿ ಇಟ್ಟದ್ದು. ಈಗ ನಾಲ್ಕು ಪ್ರತಿಗಳು ಬಾಸೆಲ್, ನ್ಯೂಯಾರ್ಕ್, ಬರ್ಲಿನ್, ಲೈಪ್‌ಜಿಗ್‌ಗಳ ಮ್ಯೂಸಿಯಂಗಳಲ್ಲಿವೆ. ಒಂದು ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು.

ರಾಖ್ಮಾನಿನೋಫ್ ಮೊದಲು ನೋಡಿದ್ದು ಮೂಲ ಚಿತ್ರವನ್ನಲ್ಲ, ಅದರ ಕಪ್ಪುಬಿಳುಪು ಅಚ್ಚನ್ನು. ಆ ಕಾಲಕ್ಕೆ ಜರ್ಮನಿಯ ಮನೆಗಳ ಗೋಡೆಗಳಲ್ಲಿ ಅದರ ಪ್ರತಿಗಳು ಸಾಮಾನ್ಯವಾಗಿದ್ದವು. ಆಮೇಲೆ ಮೂಲ ಚಿತ್ರ ನೋಡಿದಾಗ ಅವನಿಗೆ ಬಣ್ಣಗಳು ಅಷ್ಟೇನೂ ಹಿಡಿಸಲಿಲ್ಲ. ಮೊದಲೇ ಮೂಲವನ್ನು ನೋಡಿದ್ದರೆ ಈ ಕೃತಿಯನ್ನು ಬರೆಯುತ್ತಿರಲಿಲ್ಲವೇನೋ ಅಂತ ಅವನೇ ಹೇಳಿದ್ದಾನೆ. ಈ ಮಾತು ನನಗೆ ತುಂಬಾ ಮುಖ್ಯ. ಯಾಕೆಂದರೆ ವಾದ್ಯವೃಂದದಲ್ಲಿ ಅವನು ಮಾಡಿರುವುದೂ ಅದನ್ನೇ. ಆರು ಹಾರ್ನ್‌ಗಳು, ಮೂರು ಟ್ರಂಪೆಟ್‌ಗಳು, ಮೂರು ಟ್ರೊಂಬೋನ್‌ಗಳು, ಟ್ಯೂಬಾ, ಹಾರ್ಪ್, ದೊಡ್ಡ ತಂತಿವಾದ್ಯ ಪಡೆ ಎಲ್ಲ ಕೈಯಲ್ಲಿದೆ. ಆದರೂ ಮೊದಲರ್ಧದಲ್ಲಿ ಹೊಳಪಿನ ಬಣ್ಣ ಅನ್ನೋದೇ ಕಡಿಮೆ. ಎಲ್ಲವೂ ಬೂದು, ಕಪ್ಪು, ಇನ್ನೂ ಕಪ್ಪು. ಒಂದರ ಮೇಲೊಂದು ಪದರ ಸೇರಿಕೊಂಡು ನಾದ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಸ್ವಲ್ಪ ಜಾಸ್ತಿ ಉಬ್ಬುತ್ತದೆ. ದ್ವೀಪ ಹತ್ತಿರವಾಗುತ್ತಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿಯವರೆಗೆ ಇದು ಒಂದು ಚಿತ್ರವನ್ನು ನಾದದಲ್ಲಿ ಚೆನ್ನಾಗಿ ಬಿಡಿಸಿದ ಸಂಗೀತ ಅಷ್ಟೇ. ಹಾಗೆ ನೋಡಿದರೆ ಬ್ಯೋಕ್ಲಿನ್‌ನ ಇದೇ ಚಿತ್ರಕ್ಕೆ ಜರ್ಮನಿಯ ಮಾಕ್ಸ್ ರೇಗರ್ ಕೂಡ 1913ರಲ್ಲಿ ಸಂಗೀತ ಬರೆದ. ಕೆಟ್ಟದ್ದೇನಲ್ಲ. ಆದರೆ ರಾಖ್ಮಾನಿನೋಫ್‌ನ ಕೃತಿ ದೊಡ್ಡದಾಗುವುದು ಚಿತ್ರವನ್ನು ಬಿಟ್ಟು ಹೊರಗೆ ಕಾಲಿಟ್ಟಾಗ.

ಅರ್ಧ ದಾಟಿದ ಮೇಲೆ ಐದರ ತಾಳ ನಿಲ್ಲುತ್ತದೆ. ಮೂರರ ತಾಳ ಬರುತ್ತದೆ. ಎ ಮೈನರ್‌ನಲ್ಲಿದ್ದ ಸಂಗೀತ ಇ ಫ್ಲ್ಯಾಟ್ ಮೇಜರ್‌ಗೆ ಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇಷ್ಟು ಹೊತ್ತು ಯಾವುದು ಷಡ್ಜವಾಗಿತ್ತೋ ಅದರ ಪ್ರತಿಮಧ್ಯಮಕ್ಕೆ ಹೋಗಿ ಅಲ್ಲಿ ಹೊಸ ಷಡ್ಜ ಇಟ್ಟುಕೊಂಡ ಹಾಗೆ. ಅದಕ್ಕಿಂತ ದೂರದ ಜಾಗ ಇಲ್ಲ. ಪಿಟೀಲುಗಳು ಮೇಲಿನ ಸ್ಥಾಯಿಗೆ ಏರುತ್ತವೆ, ನೀವು ಹುಡುಕುತ್ತಿದ್ದ ಉದ್ದನೆಯ ಸಾಲು ಕೊನೆಗೂ ಬರುತ್ತದೆ. ಎರಡನೇ ಕಾನ್ಸರ್ಟೊ ಬರೆದ ಕೈ ಇದೇ ಅಂತ ತಟ್ಟನೆ ಗುರುತು ಹತ್ತುತ್ತದೆ.

ಚಿತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ. ಅಲ್ಲಿರುವುದು ನೀರು, ಬಂಡೆ, ದೋಣಿ. ಹಾಗಾದರೆ ಇದು ಎಲ್ಲಿಂದ ಬಂತು? ಉತ್ತರವನ್ನು ರಾಖ್ಮಾನಿನೋಫ್ ಕಂಡಕ್ಟರ್ ಸ್ಟೊಕೋವ್‌ಸ್ಕಿಗೆ ಬರೆದ ಪತ್ರದಲ್ಲಿ ಕೊಟ್ಟಿದ್ದಾನೆ. ಈ ಭಾಗ ಚಿತ್ರಕ್ಕೆ ಸೇರಿದ್ದಲ್ಲ, ಚಿತ್ರಕ್ಕೆ ತಾನು ಸೇರಿಸಿದ್ದು ಅನ್ನುತ್ತಾನೆ. ಉಳಿದದ್ದು ಸಾವು, ಇದು ಬದುಕು. ಅದಕ್ಕೇ ಇದನ್ನು ಉಳಿದ ಭಾಗಕ್ಕಿಂತ ಬೇಗ, ಹೆಚ್ಚು ತಳಮಳದಿಂದ, ಹೆಚ್ಚು ಭಾವದಿಂದ ನುಡಿಸಬೇಕು ಅಂತ ಅವನ ಸಲಹೆ.

ಈ ಒಂದು ವಿಷಯ ಗೊತ್ತಾದರೆ ಕೃತಿ ತಿರುಗಿ ನಿಲ್ಲುತ್ತದೆ. ಹೆಸರು ನೋಡಿ ಇದು ಸಾವಿನ ಬಗ್ಗೆ ಬರೆದ ಸಂಗೀತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ಸಾವು ಇಲ್ಲಿ ಚೌಕಟ್ಟು. ನಡುವೆ ಇರುವುದು ಬದುಕಿನ ಆಸೆ, ಅದೂ ಶಾಂತವಾದ ನೆನಪಲ್ಲ. ಮೊದಲು ಮೃದುವಾಗಿ ಶುರುವಾಗುತ್ತದೆ, ಆಮೇಲೆ ಬಿಡು ಅಂದರೂ ಬಿಡದೆ ಜಗ್ಗಾಡುತ್ತದೆ. ಬಿಳಿ ಬಟ್ಟೆ ಹೊದ್ದವರು ದೋಣಿಯಿಂದ ಇಳಿಯಲು ಒಪ್ಪುತ್ತಿಲ್ಲ. ನಾದ ಏರಿ ಏರಿ ತುದಿಗೆ ಬಂದಾಗ ಇಡೀ ವಾದ್ಯವೃಂದ ಭಾರವಾದ ಪೆಟ್ಟುಗಳನ್ನು ಕೊಡುತ್ತದೆ. ಅಲ್ಲಿಗೆ ಜಗಳ ಮುಗಿಯಿತು.

ಆಮೇಲೆ ಬರುವುದನ್ನು ತಪ್ಪಿಸಿಕೊಳ್ಳಬೇಡಿ. ಮೆಲ್ಲಗೆ, ಪಿಸುಗುಟ್ಟಿದ ಹಾಗೆ, ನಾಲ್ಕು ಸ್ವರ. ಗ ರಿ ಗ ಸ. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ. ವೀಣೆಯಲ್ಲಿ ಒಮ್ಮೆ ನುಡಿಸಿ ನೋಡಿ, ಗಮಕ ಇಲ್ಲದೆ, ಒಂದೊಂದು ಸ್ವರಕ್ಕೂ ಒಂದೇ ಸಮ ಕಾಲ ಕೊಟ್ಟು. ಪೂರ್ತಿ ಸಾಲು ಬೇಕಿದ್ದರೆ ಗ ರಿ ಗ ಸ, ರಿ ನಿ ಸ ಸ. ನಿಷಾದ ಮಂದ್ರದ ಕೈಶಿಕಿ. ಖರಹರಪ್ರಿಯದ ಸ್ವರಸ್ಥಾನಗಳಲ್ಲೇ ಎಲ್ಲವೂ ಕೂರುತ್ತವೆ.

ಇದು 'ದಿಯೆಸ್ ಇರೇ'. ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ ಮಧ್ಯಯುಗದ ಲ್ಯಾಟಿನ್ ಪ್ರಾರ್ಥನೆ. ಸತ್ತವರಿಗಾಗಿ ಕ್ಯಾಥೊಲಿಕ್ ಚರ್ಚ್‌ನಲ್ಲಿ ನಡೆಯುತ್ತಿದ್ದ ಪೂಜೆಯಲ್ಲಿ ಶತಮಾನಗಳ ಕಾಲ ಹಾಡುತ್ತಾ ಬಂದದ್ದು. ರಾಖ್ಮಾನಿನೋಫ್ ಹುಟ್ಟಿದ್ದು ರಷ್ಯನ್ ಆರ್ಥೊಡಾಕ್ಸ್ ಮನೆಯಲ್ಲಿ. ಅವರ ಚರ್ಚ್‌ನಲ್ಲಿ ಈ ಪ್ರಾರ್ಥನೆ ಇಲ್ಲ. ಆದರೆ 1830ರಲ್ಲಿ ಬರ್ಲಿಯೋಜ್ ತನ್ನ ಸಿಂಫನಿಯಲ್ಲಿ, ಆಮೇಲೆ ಲಿಸ್ಟ್ ತನ್ನ ಸಾವಿನ ನೃತ್ಯದಲ್ಲಿ ಈ ಸಾಲನ್ನು ಬಳಸಿ, ಅದು ಕಛೇರಿ ಸಂಗೀತದಲ್ಲಿ ಸಾವಿನ ಗುರುತಾಗಿಬಿಟ್ಟಿತ್ತು. ಬರ್ಲಿಯೋಜ್ ಅದನ್ನು ಗಂಟೆ ಬಾರಿಸಿ ಗರ್ಜಿಸುತ್ತಾನೆ. ರಾಖ್ಮಾನಿನೋಫ್ ಅದನ್ನು ತಗ್ಗಿಸಿ ಹೇಳುತ್ತಾನೆ, ಅದೇ ಹೆಚ್ಚು ನಡುಕ ಹುಟ್ಟಿಸುತ್ತದೆ. ಎರಡನೇ ಸಲ ಕೇಳುವಾಗ ಈ ನಾಲ್ಕು ಸ್ವರಗಳ ನೆರಳು ಮೊದಲಿನ ಭಾಗಗಳಲ್ಲೂ ಅಲ್ಲಲ್ಲಿ ಸುಳಿಯುವುದು ಕಾಣಿಸುತ್ತದೆ. ಅದು ಕೊನೆಗೆ ಬಂದದ್ದಲ್ಲ, ದೋಣಿಯ ಜೊತೆಯೇ ಬರುತ್ತಿತ್ತು.

ಈ ಸಾಲು ಅವನನ್ನು ಜೀವನಪೂರ್ತಿ ಬಿಡಲಿಲ್ಲ. 1934ರ ಪಗನೀನಿ ರಾಪ್ಸೋಡಿಯಲ್ಲಿದೆ, 1940ರ ಸಿಂಫೊನಿಕ್ ಡಾನ್ಸಸ್‌ನಲ್ಲಿದೆ. ಅದಕ್ಕೇ ಜನ ಅವನನ್ನು ಸಾವಿನ ಗೀಳಿನವನು ಅಂದುಬಿಡುತ್ತಾರೆ. ನಿಮ್ಮ ಖಿನ್ನತೆಯ ಪ್ರಶ್ನೆಯೂ ಅಲ್ಲಿಂದಲೇ ಬಂದಿರಬೇಕು.

ಖಿನ್ನತೆಯ ಕತೆ ನಿಜ, ಆದರೆ ಅದು ಬೇರೆ ಕಾಲದ್ದು. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನ ಮೊದಲ ಸಿಂಫನಿ ಹೀನಾಯವಾಗಿ ಸೋತಿತು. ವಿಮರ್ಶಕರು ಹರಿದುಹಾಕಿದರು. ಅದಾದ ಮೇಲೆ ಸುಮಾರು ಮೂರು ವರ್ಷ ಹೆಚ್ಚೇನೂ ಬರೆಯಲಾಗದೆ ಕೂತಿದ್ದ. 1900ರಲ್ಲಿ ಡಾಕ್ಟರ್ ನಿಕೊಲಾಯ್ ದಾಲ್ ಅವರ ಹತ್ತಿರ ಚಿಕಿತ್ಸೆ ಪಡೆದು ಚೇತರಿಸಿಕೊಂಡ. ನಿಮಗೆ ಪ್ರಾಣವಾದ ಎರಡನೇ ಕಾನ್ಸರ್ಟೊ ಅದರ ಫಲ, ದಾಲ್ ಅವರಿಗೇ ಅರ್ಪಿಸಿದ್ದಾನೆ. ಅಂದರೆ ಖಿನ್ನತೆಯ ಮಗ್ಗುಲಿನಲ್ಲಿ ಹುಟ್ಟಿದ್ದು ಆ ಸಿಹಿಯಾದ ಕಾನ್ಸರ್ಟೊ, ಈ ಕಪ್ಪು ಕೃತಿಯಲ್ಲ!

'ಸತ್ತವರ ದ್ವೀಪ' ಬರೆದ ಹೊತ್ತಿಗೆ ಅವನ ದಿನಗಳು ಚೆನ್ನಾಗಿದ್ದವು. ಬೊಲ್ಷೊಯ್ ಥಿಯೇಟರ್‌ನ ಕಂಡಕ್ಟರ್ ಕೆಲಸ ಬಿಟ್ಟು, ಮಾಸ್ಕೋದ ಗದ್ದಲದಿಂದ ದೂರ ಹೋಗಿ, 1906ರ ಕೊನೆಯಿಂದ ಹೆಂಡತಿ ಮಗಳ ಜೊತೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಚಳಿಗಾಲಗಳನ್ನು ಕಳೆಯುತ್ತಿದ್ದ. ಎರಡನೇ ಮಗಳು ಹುಟ್ಟಿದ್ದು 1907ರಲ್ಲಿ. ಎರಡನೇ ಸಿಂಫನಿ, ಮೊದಲ ಪಿಯಾನೊ ಸೊನಾಟಾ, ಆಮೇಲೆ ಇದು, ಸಾಲಾಗಿ ಬಂದವು. ಇದನ್ನು ಗೆಳೆಯ ನಿಕೊಲಾಯ್ ಸ್ಟ್ರೂವೆಗೆ ಅರ್ಪಿಸಿದ. 1909ರ ಮೇ 1ರಂದು, ಅಂದರೆ ಆಗಿನ ರಷ್ಯನ್ ಕ್ಯಾಲೆಂಡರ್ ಪ್ರಕಾರ ಏಪ್ರಿಲ್ 18ರಂದು, ಮಾಸ್ಕೋದಲ್ಲಿ ತಾನೇ ನಿಂತು ನಡೆಸಿದ. ಅದೇ ಬೇಸಿಗೆಯಲ್ಲಿ ಹಳ್ಳಿಯ ಮನೆಯಲ್ಲಿ ಕೂತು ಮೂರನೇ ಪಿಯಾನೊ ಕಾನ್ಸರ್ಟೊ ಬರೆದು ಮುಗಿಸಿದ. ಖಿನ್ನನಾದವನು ಮಾಡುವ ಕೆಲಸವಾ ಇದು? ಕಪ್ಪು ಸಂಗೀತ ಬರೆಯಲು ಮನಸ್ಸು ಕಪ್ಪಾಗಿರಬೇಕು ಅನ್ನೋದು ಕೇಳುಗರ ಕಟ್ಟುಕತೆ. ಸಾವಿನ ಬಗ್ಗೆ ಇಷ್ಟು ಹಿಡಿತದಿಂದ, ಇಷ್ಟು ಲೆಕ್ಕಾಚಾರದಿಂದ ಬರೆಯಲು ಆರೋಗ್ಯ ಬೇಕು.

ಕೃತಿಯ ಕೊನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದರ ತಾಳ ಮರಳಿ ಬರುತ್ತದೆ, ದೋಣಿ ವಾಪಸ್ ಹೋಗುತ್ತದೆ. ಅದರಲ್ಲಿ ಈಗ ಎಷ್ಟು ಜನ ಇದ್ದಾರೆ ಅನ್ನೋದನ್ನು ನೀವೇ ಕೇಳಿ ತೀರ್ಮಾನಿಸಿ.

ರೆಕಾರ್ಡಿಂಗ್ ವಿಷಯಕ್ಕೆ ಬರೋಣ. ಸ್ವತಃ ರಾಖ್ಮಾನಿನೋಫ್ 1929ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ಇದನ್ನು ಧ್ವನಿಮುದ್ರಿಸಿದ್ದಾನೆ. ಅಲ್ಲಲ್ಲಿ ಕೆಲವು ಸಾಲುಗಳನ್ನು ತಾನೇ ಕತ್ತರಿಸಿದ್ದಾನೆ. ಹಳೆಯ ಮುದ್ರಣ, ಚರಚರ ಸದ್ದು ಇದೆ, ತಗ್ಗು ನಾದ ಸಾಲದು. ಆದರೂ ಒಮ್ಮೆ ಕೇಳಲೇಬೇಕು. ಯಾಕೆಂದರೆ ಬೇರೆಯವರು ಅಳುಮುಂಜಿಯಾಗಿ ಎಳೆಯುವ ಕಡೆ ಅವನು ಎಳೆಯುವುದಿಲ್ಲ. ದೋಣಿ ಸಾಗುತ್ತಲೇ ಇರುತ್ತದೆ. ಬದುಕಿನ ಭಾಗದಲ್ಲಿ ಅವನ ಅವಸರ, ತಳಮಳ ನೋಡಿ, ಸ್ಟೊಕೋವ್‌ಸ್ಕಿಗೆ ಬರೆದದ್ದನ್ನು ತಾನೇ ಮಾಡಿ ತೋರಿಸಿದ್ದಾನೆ. ಆದರೆ ಇದರಿಂದ ಶುರು ಮಾಡಬೇಡಿ. ಮೊದಲಿಗೆ ಅಶ್ಕೆನಾಜಿ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಕೇಳಿ. ಒಂದೊಂದು ಪದರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹೊಸ ಕಾಲದ್ದು ಬೇಕಿದ್ದರೆ ವಸಿಲಿ ಪೆಟ್ರೆಂಕೊ ಲಿವರ್‌ಪೂಲ್ ಆರ್ಕೆಸ್ಟ್ರಾದಲ್ಲಿ ಮಾಡಿದ್ದಿದೆ. ಶಿಕಾಗೊದಲ್ಲಿ ಫ್ರಿಟ್ಸ್ ರೈನರ್ ಮಾಡಿದ್ದು ಬಿಗಿಯಾಗಿದೆ, ಸ್ವೆಟ್ಲಾನೋವ್‌ನದು ಭಾರ, ಕಪ್ಪು, ನಿಧಾನ. ಸ್ವೆಟ್ಲಾನೋವ್ ಬಹಳ ಜನಕ್ಕೆ ಅಚ್ಚುಮೆಚ್ಚು. ನನಗೆ ಅಲ್ಲಿ ಐದರ ತಾಳ ಕೈಬಿಟ್ಟುಹೋಗುತ್ತದೆ. ಅದು ಹೋದರೆ ನನಗೆ ಕೃತಿಯೇ ಹೋದ ಹಾಗೆ.

ಮೈಸೂರಿನ ನಂಟು? ಇದೆ, ಆದರೆ ಅದು ಸುತ್ತಿ ಬರುತ್ತದೆ. ರಾಖ್ಮಾನಿನೋಫ್‌ನ ಆಪ್ತ ಗೆಳೆಯ, ಇನ್ನೊಬ್ಬ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್. ರಾಖ್ಮಾನಿನೋಫ್ ತನ್ನ ನಾಲ್ಕನೇ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮಾನಿನೋಫ್‌ಗೆ ಅರ್ಪಿಸಿದ. ಕೊನೆಗಾಲದಲ್ಲಿ ಮೆಟ್ನರ್ ಲಂಡನ್ನಿನಲ್ಲಿದ್ದ. ಆರೋಗ್ಯ ಕೆಟ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ, ಅವನ ಸಂಗೀತ ಕೇಳುವವರೂ ಕಡಿಮೆಯಾಗಿದ್ದರು. ಆಗ ನೆರವಿಗೆ ಬಂದವರು ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಮಹಾರಾಜರ ಹಣದಿಂದ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿ ಎಂಬ ರೆಕಾರ್ಡ್ ಕಂಪನಿಗೆ ಧ್ವನಿಮುದ್ರಣ ಮಾಡಿದ. ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಆ ಮುದ್ರಣಗಳು ಇಲ್ಲದಿದ್ದರೆ ಮೆಟ್ನರ್ ತನ್ನ ಕೃತಿಗಳನ್ನು ಹೇಗೆ ನುಡಿಸುತ್ತಿದ್ದ ಅನ್ನೋದು ಇವತ್ತು ನಮಗೆ ಇಷ್ಟು ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಇದೇ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ ಅಲ್ವಾ, ಅದನ್ನು ನೀವು ಕಲಿತಿರಲೂಬಹುದು.

ಇದು ಹಿಡಿಸಿದರೆ ಮುಂದೆ ಸಿಂಫೊನಿಕ್ ಡಾನ್ಸಸ್‌ನ ಮೂರನೇ ಭಾಗ ಕೇಳಿ. ರಾಖ್ಮಾನಿನೋಫ್‌ನ ಕೊನೆಯ ಕೃತಿ ಅದು. ಅಲ್ಲೂ ಅದೇ ಗ ರಿ ಗ ಸ ಬರುತ್ತದೆ. ಆದರೆ ಅಲ್ಲಿ ಅದಕ್ಕೆ ಎದುರು ನಿಲ್ಲುವುದು ಅವನು 1915ರಲ್ಲಿ ತನ್ನ ಆರ್ಥೊಡಾಕ್ಸ್ ಚರ್ಚ್‌ಗಾಗಿ ಬರೆದ ಜಾಗರಣೆಯ ಪ್ರಾರ್ಥನೆಯ ಒಂದು ಸಾಲು. ಆ ಸಾಲು ಬರುವ ಜಾಗದಲ್ಲಿ ಹಸ್ತಪ್ರತಿಯಲ್ಲಿ 'ಅಲ್ಲಿಲೂಯಾ' (ದೇವರಿಗೆ ಸ್ತುತಿ) ಅಂತ ಬರೆದಿದ್ದಾನೆ. ಅಲ್ಲಿ ಗೆಲ್ಲುವುದು ನಾಲ್ಕು ಸ್ವರಗಳಲ್ಲ.